ಬೆರಳಿಗೆ ಸಿಕ್ಕ ಸರೋವರ

ನಾಗಪುರದಲ್ಲಿ ನಾವು ಬಾಡಿಗೆಗೆ ಇದ್ದದ್ದು ಮಹಾಲ್ ಭಾಗದ ನಡುವೆ ಅಂಗಳವಿದ್ದ ದೊಡ್ಡ ಮನೆ, ಒಂದು ಹಳೆಯ ವಾಡೆಯ ಮಾಳಿಗೆಯಲ್ಲಿ. ಅಪ್ಪ ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯ ನೌಕರ. ಧಾರವಾಡದಿಂದ ಪುಣೆಗೆ, ಪುಣೆಯಿಂದ ನಾಗಪುರಕ್ಕೆ ವರ್ಗವಾಗುತ್ತ ಬಂದವರು. ಊರು ಆಗ ಮಧ್ಯಪ್ರದೇಶದ ರಾಜಧಾನಿಯಾಗಿತ್ತು. ನಾನು ಇಂಟರ್ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಮುಂದೆ ಓದಿಸುವುದೋ ಮದುವೆ ಮಾಡುವುದೋ ಎಂಬುದನ್ನು ಹಿರಿಯರು ಇನ್ನೂ ನಿರ್ಧರಿಸಿರಲಿಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಈಗಲೂ ಗೊತ್ತಿಲ್ಲ.

ಕೆಳಗಿನ ಮನೆ ವಾಡೆಯ ಒಡತಿಯದು. ಎಲ್ಲರೂ ಅವರನ್ನು ಆಜಿ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಎರಡೂ ಕಣ್ಣಿಗೆ ಪೊರೆ ಬಂದು ಹಗಲು ರಾತ್ರಿಗಳ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತು. ಆಪರೇಶನ್ ಮಾಡಿಸಿಕೊಂಡ ಅವರ ಅಕ್ಕ ಇದ್ದಬದ್ದ ದೃಷ್ಟಿಯನ್ನೂ ಕಳೆದುಕೊಂಡಿದ್ದರಂತೆ. ಹಾಗಾಗಿ ಆಸ್ಪತ್ರೆಯ ಹೆಸರೆತ್ತಿದರೆ ಆಜಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಹಿರಿಯ ಮಗ ಸಾವನೇರ್ ಕಡೆಯ ಕಲ್ಲಿದ್ದಲು ಗಣಿಯಲ್ಲಿ ಗುಮಾಸ್ತ. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುವವರು. ಅವರ ಹೆಂಡತಿಯನ್ನು ನಾವು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಮಕ್ಕಳಿರಲಿಲ್ಲ. ಆಜಿಗೆ ನೀರು ಕಾಸುವುದು, ಹೆರಳು ಹಾಕುವುದು, ಕೈ ಹಿಡಿದು ನಡೆಸುವುದು ಎಲ್ಲವೂ ವಹಿನಿಯದೇ. ಕಿರಿಯ ಮಗ ಯುದ್ಧ ಮುಗಿದ ಹೊಸದರಲ್ಲಿ ಹಡಗು ಹತ್ತಿ ಆಫ್ರಿಕಾಕ್ಕೆ ಹೋಗಿ ಅಲ್ಲಿನ ರೈಲ್ವೆಯಲ್ಲಿ ನೌಕರಿಗೆ ಸೇರಿದ್ದರು.

ಆಜಿ ಮತ್ತು ವಹಿನಿ ಆಡುತ್ತಿದ್ದದ್ದು ಮರಾಠಿ. ಇಲ್ಲಿ ಅದನ್ನು ನನ್ನ ಕಿವಿಗೆ ಅಭ್ಯಾಸವಾಗಿರುವ ಧಾರವಾಡದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆಫ್ರಿಕಾದಿಂದ ತಿಂಗಳಿಗೋ ಎರಡು ತಿಂಗಳಿಗೋ ಒಂದು ಪತ್ರ ಬರುತ್ತಿತ್ತು. ಅದರಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಕ್ಷೇಮ, ಕೆಲಸ ಹೆಚ್ಚು, ಉಪ್ಪಿನಕಾಯಿ ಮುಗಿಯಿತು, ಎಲ್ಲರಿಗೂ ನಮಸ್ಕಾರ. ವಹಿನಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಒಮ್ಮೆ ಓದಿದರೆ ಆಜಿಗೆ ಸಾಲುತ್ತಿರಲಿಲ್ಲ. ಒಂದು ದಿನ ನಾನು ಅಂಗಳದ ನಲ್ಲಿಗೆ ಕೊಡ ಇಟ್ಟು ಕಾಯುತ್ತಿದ್ದಾಗ ಹೀಗೆಯೇ ಓದು ನಡೆದಿತ್ತು. ಲಕೋಟೆ ನನ್ನ ಪಕ್ಕದಲ್ಲೇ ಬಿದ್ದಿತ್ತು. ಅದರ ಮೇಲೆ ನಾನು ಮೊದಲು ನೋಡಿರದ ಒಂದು ಅಂಚೆಚೀಟಿ. ವಿಶಾಲವಾದ ನೀರು, ನೀರಿನ ಮೇಲೆ ಹಾಯಿ ಬಿಚ್ಚಿದ ಒಂದು ದೋಣಿ, ದೂರದಲ್ಲಿ ಗುಡ್ಡವೋ ಮೋಡವೋ ತಿಳಿಯದ ಒಂದು ಗೆರೆ. ಮೇಲೆ ಇಂಗ್ಲೆಂಡಿನ ರಾಜನ ತಲೆ. ಅಂಚಿನಲ್ಲಿ ಕೀನ್ಯಾ, ಯುಗಾಂಡ, ಟಾಂಗಾನಿಕಾ ಎಂದು ಮೂರು ದೇಶಗಳ ಹೆಸರು.

“ಎಷ್ಟು ಚಂದ ಚಿತ್ರ,” ಎಂದೆ.

“ಯಾವುದರ ಚಿತ್ರ?” ಆಜಿ ಕೇಳಿದರು.

“ನೀರು, ಆಜಿ. ದೊಡ್ಡ ಕೆರಿ. ಅದರಾಗ ಒಂದು ಹಾಯಿದೋಣಿ.”

“ದೊಡ್ಡದಂದ್ರ? ನಮ್ಮ ಶುಕ್ರವಾರಿ ತಲಾವಿನಷ್ಟು?”

“ಅದಕ್ಕಿಂತ ದೊಡ್ಡದು.”

“ಅಂಬಾಝರಿಯಷ್ಟು?”

“ಅದಕ್ಕಿಂತಾನೂ ದೊಡ್ಡದಿರಬೇಕು.”

“ನಿನಗ ಹೆಂಗ ಗೊತ್ತಾತು, ಪೋರಿ? ಹೆಬ್ಬೆಟ್ಟಿನ ಉಗುರಿನಷ್ಟಿರ್ತದ ಆ ಕಾಗದ.”

ಆಜಿ ಕೈಚಾಚಿದರು. ಲಕೋಟೆ ಕೊಟ್ಟೆ. ಅವರು ಚೀಟಿಯ ಮೇಲೆ ಬೆರಳಾಡಿಸಿ ನೋಡಿದರು. “ನುಣ್ಣಗದ. ಏನೂ ಇಲ್ಲ ಇದರಾಗ,” ಎಂದು ಹಿಂದಕ್ಕೆ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ, “ಅವನ ಮನಿ ಎಲ್ಲದ ಅದರಾಗ?” ಎಂದರು.

ಪತ್ರ ಬಂದ ಊರಿನದೇ ಚಿತ್ರ ಚೀಟಿಯ ಮೇಲಿರುತ್ತದೆ ಎಂದು ಅವರು ಹೇಗೆ ತೀರ್ಮಾನಿಸಿದರೋ. ಆದರೆ ನನಗಾಗಲಿ ವಹಿನಿಗಾಗಲಿ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮನೆ ಕಾಣುವುದಿಲ್ಲ, ಬಹುಶಃ ದಂಡೆಯ ಆಚೆಗಿರಬೇಕು ಎಂದೆ.

ಅಂದಿನಿಂದ ಆಜಿಗೆ ಅದೇ ಗುಂಗು ಹತ್ತಿತು. ನಾನು ನೀರಿಗೆ ಹೋದಾಗಲೆಲ್ಲ ಒಂದೊಂದು ಪ್ರಶ್ನೆ. ನೀರು ಎಷ್ಟು ಆಳ? ದೋಣಿಯಲ್ಲಿ ಎಷ್ಟು ಮಂದಿ? ಮೆಟ್ಟಿಲು ಇವೆಯೇ? ನಾನು ಹೇಳಿ ಹೇಳಿ ಸೋತೆ. ಹೇಳಿದಷ್ಟೂ ಅವರ ಮನಸ್ಸಿನಲ್ಲಿ ಅದು ಶುಕ್ರವಾರಿ ತಲಾವೇ ಆಗಿಬಿಡುತ್ತಿತ್ತು.

ಒಂದು ಮಧ್ಯಾಹ್ನ ಅವ್ವ ಕೆಳಗೆ ಹೋಗಿ ಆಜಿಯ ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಅವಳು ಉಟ್ಟದ್ದು ಇಳಕಲ್ ಸೀರೆ, ಸೆರಗಿನ ತುಂಬ ಕಸೂತಿ. ಅದು ಅವಳೇ ಮದುವೆಗೆ ಮುಂಚೆ ಹಾಕಿದ್ದು. ಸೆರಗು ಕೈಗೆ ತಾಗಿದಾಗ ಆಜಿ ಅದನ್ನು ಬೆರಳುಗಳ ನಡುವೆ ಹಿಡಿದು ನಿಧಾನವಾಗಿ ಸವರಿದರು. “ಇದು ಆನಿ,” ಎಂದರು. ಮತ್ತೆ ಸ್ವಲ್ಪ ಮುಂದೆ, “ಇದು ಗುಡಿ. ಶಿಖರ ಅದ.” ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನೋಡಿದಳು. ಎರಡೂ ನಿಜವಾಗಿದ್ದವು.

ಮಾತು ತೆಗೆದದ್ದು ವಹಿನಿ. “ಆ ಚೀಟಿ ಚಿತ್ರಾ ಹಿಂಗ ದೊಡ್ಡದಾಗಿ ಹೊಲದು ಕೊಟ್ರ ಇವರಿಗೆ ತಿಳೀತದ,” ಎಂದರು. ಯಾರು ಹೊಲಿಯಬೇಕು ಎಂದು ಅವರು ಹೇಳಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದರು.

ಅವ್ವನಿಗೆ ಅದು ಸರಿಬರಲಿಲ್ಲ. ಮೇಲೆ ಬಂದ ಮೇಲೆ, “ಕಸೂತಿಯೊಳಗ ಆನಿ ಬರ್ತದ, ತೇರು ಬರ್ತದ, ತುಳಸಿಕಟ್ಟಿ ಬರ್ತದ. ಕೆರಿ ಎಲ್ಲೆ ಬರ್ತದ? ನೀರಿಗೆ ಮೂಲಿ ಇಲ್ಲ, ಅಂಚಿಲ್ಲ. ಎಳಿ ಎಣಿಸೋದು ಎಲ್ಲಿಂದ?” ಎಂದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಸೂಜಿ ಹಾಕಬೇಕು, ಹಿಂದೆ ಗಂಟು ಕಾಣಬಾರದು. ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ಆದರೂ ಅವಳೇ ಮರುವಾರ ಅಪ್ಪನ ಜೊತೆ ಗಾಂಧಿಬಾಗ್ ಪೇಟೆಗೆ ಹೋಗಿ ದಪ್ಪ ಎಳೆಯ ಕೈಮಗ್ಗದ ಬಟ್ಟೆ, ಗಟ್ಟಿ ದಾರ ತಂದಳು. ತೆಳುವಾದ ರೇಷ್ಮೆ ಎಳೆ ಬೆರಳಿಗೆ ಸಿಗುವುದಿಲ್ಲ ಎಂಬುದು ಅವಳಿಗೇ ಹೊಳೆದದ್ದು.

ಮಳೆಗಾಲವೆಲ್ಲ ಅದೇ ಕೆಲಸವಾಯಿತು. ಕಿಟಕಿಯ ಬಳಿ ಚೀಟಿಯನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ ನೋಡುತ್ತ ಹೊಲಿಯುತ್ತಿದ್ದೆ. ನೀರಿಗೆ ಮುರ್ಗಿ ಹೊಲಿಗೆ ಹಾಕಿದೆ. ಅದು ಮೆಟ್ಟಿಲುಮೆಟ್ಟಿಲಾಗಿ ಸಾಗುತ್ತದೆ, ಬೆರಳಿಟ್ಟರೆ ಏರಿ ಇಳಿಯುತ್ತದೆ. ದೋಣಿಯ ಒಡಲಿಗೆ ಎರಡೆರಡು ಸಾಲು ಗಾವಂತಿ, ಅಂದರೆ ನೇರ ಗೆರೆಯ ಹೊಲಿಗೆ. ಹಾಯಿಗೆ ಒತ್ತೊತ್ತಾಗಿ ಮೆಂತೆ ಹೊಲಿಗೆ. ಅದು ಕೈಗೆ ಒರಟಾಗಿ ಹತ್ತುತ್ತದೆ, ನೀರಿನಿಂದ ಬೇರೆ ಎಂದು ಕೂಡಲೇ ಗೊತ್ತಾಗುತ್ತದೆ. ಮೊದಲ ಸಲ ಹಾಕಿದ ನೀರನ್ನು ಅವ್ವ ಕಣ್ಣು ಮುಚ್ಚಿ ಮುಟ್ಟಿ ನೋಡಿ, “ಇದು ಹೊಲ ಉಳುಮಿ ಮಾಡಿದಂಗ ಅದ,” ಎಂದು ಬಿಚ್ಚಿಸಿದಳು.

ರಾಜನ ತಲೆಯ ಮಾತು ಬಂದಾಗ ಅವಳು ಒಪ್ಪಲೇ ಇಲ್ಲ. “ಅಂವಾ ನಮ್ಮ ದೇಶ ಬಿಟ್ಟು ಹೋಗ್ಯಾನ. ನೀ ಮತ್ತ ಕರದು ಬಟ್ಟಿ ಮ್ಯಾಲೆ ಕೂಡಸ್ತೀಯೇನು?” ಎಂದಳು. ನಿಜ ಹೇಳಬೇಕೆಂದರೆ ಎಳೆ ಎಣಿಸಿ ಮನುಷ್ಯನ ಮುಖ ತರುವುದು ನನ್ನಿಂದ ಆಗುವ ಕೆಲಸವೂ ಆಗಿರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟೆ. ಅದು ಆಕಾಶವಾಯಿತು.

ದಸರೆಯ ಹೊತ್ತಿಗೆ ಮುಗಿಯಿತು. ಒಂದು ದಿಂಬಿನ ಗಲೀಫಿನಷ್ಟು ಅಗಲದ ಬಟ್ಟೆ. ಕೆಳಗೆ ಒಯ್ದು ಆಜಿಯ ತೊಡೆಯ ಮೇಲೆ ಹಾಸಿದೆ. ಅವರು ಎರಡೂ ಅಂಗೈ ಇಟ್ಟು ಮೊದಲು ಅಂಚು ಎಲ್ಲಿದೆ ಎಂದು ನೋಡಿಕೊಂಡರು. ಆಮೇಲೆ ಬಲಗೈಯ ಒಂದೇ ಬೆರಳನ್ನು ಕೆಳಗಿನಿಂದ ಮೇಲಕ್ಕೆ ತಂದರು.

“ಇದು ನೀರು.”

“ಹೂಂ.”

“ಇನ್ನೂ ನೀರು. ಇನ್ನೂ ನೀರು.” ಬೆರಳು ನಿಂತಿತು. “ಇದು ದೋಣಿ. ಇದು ಹಾಯಿ. ಗಾಳಿ ಯಾವ ಕಡಿಂದ ಬೀಸ್ತದ?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಮೇಲೆ ಓಡಿಹೋಗಿ ಚೀಟಿ ನೋಡಿ ಬಂದು, ಎಡಗಡೆಯಿಂದ ಎಂದೆ. ಆಜಿ ತಲೆಯಾಡಿಸಿದರು. ಎಷ್ಟೋ ಹೊತ್ತು ಹಾಗೇ ಸವರುತ್ತ ಕೂತಿದ್ದರು. ಅಷ್ಟು ನೀರಾ ಎಂದು ಎರಡು ಮೂರು ಸಲ ಅಂದರು. ಆಮೇಲೆ ಅವರು ಹೇಳಿದ್ದು, “ಮನಿ ಎಲ್ಲೆ?”

“ಚೀಟಿಯೊಳಗ ಮನಿ ಇಲ್ಲ, ಆಜಿ.”

“ಇಲ್ಲಂದ್ರ? ನನ್ನ ಮಗಾ ನೀರಾಗ ಮಲಗ್ತಾನೇನು? ಹಾಕು ಒಂದು.”

ಬಲಗಡೆಯ ದಂಡೆಯ ಮೇಲೆ ಒಂದು ಸಣ್ಣ ಮನೆ ಹಾಕಿಕೊಟ್ಟೆ. ಕಸೂತಿಯಲ್ಲಿ ಕಟ್ಟಡವೆಂದು ನನಗೆ ಬರುತ್ತಿದ್ದದ್ದು ತುಳಸಿಕಟ್ಟೆಯೊಂದೇ. ಅದಕ್ಕೇ ಒಂದು ಬಾಗಿಲು ಕೂಡಿಸಿದೆ.

ಆ ಚಳಿಗಾಲದಲ್ಲಿ ಕೀನ್ಯಾದಲ್ಲಿ ಬಿಳಿಯರ ಆಡಳಿತದ ವಿರುದ್ಧ ಎದ್ದ ಗಲಾಟೆಯ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿತು. ಅಪ್ಪ ಅದನ್ನು ಮೆಲ್ಲಗೆ ಓದಿ ಮಡಚಿಡುತ್ತಿದ್ದರು. ಆಜಿಗೆ ಯಾರು ಹೇಳಿದರೋ ತಿಳಿಯದು. ನಾನು ನೀರಿಗೆ ಹೋದಾಗ ಅವರು ಬಟ್ಟೆ ಹರಡಿಕೊಂಡು ಕೂತಿರುತ್ತಿದ್ದರು. ಬೆರಳು ಹೆಚ್ಚು ಹೊತ್ತು ಆ ಮನೆಯ ಮೇಲೆಯೇ ಇರುತ್ತಿತ್ತು. ಅಲ್ಲಿನ ದಾರ ಉಳಿದೆಡೆಗಿಂತ ಬೇಗ ಸವೆಯಿತು. ಒಮ್ಮೆ ಅದನ್ನು ಗಟ್ಟಿ ಮಾಡಿ ಕೊಟ್ಟೆ.

ಮರುವರ್ಷ ಬೇಸಿಗೆಯಲ್ಲಿ ಕಿರಿಯ ಮಗ ರಜೆ ಪಡೆದು ಬಂದರು. ಮದುವೆ ಮಾಡಿಕೊಂಡು ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ವರ್ಧಾದಲ್ಲಿ ಹೆಣ್ಣು ನೋಡಿಟ್ಟಿದ್ದರು. ಟಾಂಗಾದಿಂದ ಇಳಿದ ಅವರನ್ನು ನಾನು ಮಾಳಿಗೆಯ ಕಿಟಕಿಯಿಂದ ನೋಡಿದೆ. ತೆಳ್ಳಗೆ, ಬಿಸಿಲಿಗೆ ಕಪ್ಪಾದ ಮುಖ, ಅಣ್ಣನಿಗಿಂತ ವಯಸ್ಸಾದವರಂತೆ ಕಾಣುತ್ತಿದ್ದರು. ಅವರು ಬರುವ ಕೆಲವು ದಿನ ಮೊದಲು ಆಜಿ ಅವ್ವನಿಗೆ, “ನಿಮ್ಮ ಪೋರಿ ನಮ್ಮವರ ಪೈಕಿ ಇದ್ದಿದ್ರ ಆ ದೋಣಿಯೊಳಗ ನಾನ ಕೂಡಿಸಿ ಕಳಸ್ತಿದ್ದೆ,” ಎಂದು ನಗೆಯಾಡಿದ್ದರಂತೆ. ಮೇಲೆ ಬಂದು ಅದನ್ನು ಹೇಳುವಾಗ ಅವ್ವ ನಗಲಿಲ್ಲ. ಆ ಮಗ ಬಂದ ಮೇಲೆ ಒಂದು ವಾರ ನನ್ನನ್ನು ಕಳಿಸದೆ ನೀರಿಗೆ ತಾನೇ ಹೋದಳು.

ಕಡೆಗೆ ಆಜಿಯೇ ಕರೆಕಳಿಸಿದರು, ಕೆರೆ ಹೊಲಿದವಳು ಬರಲಿ ಎಂದು. ಅವ್ವನೂ ನಾನೂ ಹೋದೆವು. ಬಾಗಿಲಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಎರಚಿದ್ದರಿಂದ ಒಳಗೆ ತಂಪಾಗಿತ್ತು, ಕತ್ತಲಾಗಿತ್ತು. ಆಜಿ ಮಗನ ಕೈ ಹಿಡಿದು ಬೆರಳನ್ನು ಬಟ್ಟೆಯ ಮೇಲೆ ಇಡಿಸಿದರು. ಕಣ್ಣಿದ್ದ ಮಗನಿಗೆ ಕಣ್ಣಿಲ್ಲದ ತಾಯಿ ತೋರಿಸುತ್ತಿದ್ದರು. “ಇದು ನಿನ್ನ ಕೆರಿ. ಇದು ದೋಣಿ. ಇಲ್ಲೆ ನೋಡು, ಇದು ನಿನ್ನ ಮನಿ.”

ಮಗ ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ವಹಿನಿಯನ್ನು ನೋಡಿದರು. ಸುಳ್ಳು ಹೇಳುವ ಮನುಷ್ಯರಲ್ಲ ಎಂದು ಆಗಲೇ ತಿಳಿಯಿತು.

“ಆಯಿ, ಇದು ವಿಕ್ಟೋರಿಯಾ ಸರೋವರ. ನಾ ಅದನ್ನ ನೋಡಿಲ್ಲ.”

“ನೋಡಿಲ್ಲ ಅಂದ್ರ?”

“ನಾ ಇರೋದು ಅಲ್ಲೆ ಅಲ್ಲ. ನಂದೊಂದು ಸಣ್ಣ ಸ್ಟೇಷನ್ನು, ಬಯಲಿನ ನಡುವ. ಕುಡಿಯೋ ನೀರು ಸುದ್ದಾ ಗಾಡಿ ಮ್ಯಾಲೆ ಬರ್ತದ. ಕೆಂಪು ಧೂಳು, ಮುಳ್ಳಿನ ಕಂಟಿ, ಅಷ್ಟ. ಆ ಕೆರಿಗೆ ಹೋಗಬೇಕಂದ್ರ ಒಂದು ಹಗಲು ಒಂದು ರಾತ್ರಿ ರೈಲಿನಾಗ ಕೂಡಬೇಕು.”

“ಮತ್ತ ಈ ಚೀಟಿ ಯಾಕ ಹಚ್ಚಿ ಕಳಿಸಿದಿ?”

“ಪೋಸ್ಟ್ ಆಫೀಸಿನವರು ಕೊಟ್ಟದ್ದು ಹಚ್ಚಿದೆ, ಆಯಿ. ನೀವು ಕಳಿಸೋ ಪತ್ರದ ಮ್ಯಾಲೆ ವಿಜಾಪುರದ ಗೋಳಗುಮ್ಮಟ ಇರ್ತದ. ನೀವೇನು ಗೋಳಗುಮ್ಮಟದಾಗ ಇರ್ತೀರೇನು?”

ಅವ್ವನಿಗೆ ನಗು ತಡೆಯಲಾಗಲಿಲ್ಲ; ಅವಳ ತವರು ವಿಜಾಪುರದ ಹತ್ತಿರ. ಆಜಿ ನಗಲಿಲ್ಲ. ಬಟ್ಟೆಯ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. “ಗಾಡಿ ಮ್ಯಾಲೆ ನೀರು,” ಎಂದರು. ಅಷ್ಟು ವರ್ಷ ಮಗ ಪತ್ರದಲ್ಲಿ ಬರೆಯದ ಮಾತು ಅದು.

ನನಗೂ ಒಂದಿಷ್ಟು ಬೇಸರವಾಯಿತು. ಮಳೆಗಾಲವಿಡೀ ಕೂತು ಯಾರೂ ಇಲ್ಲದ ಕಡೆ ಮನೆ ಕಟ್ಟಿದಂತೆ ಆಗಿತ್ತು. ಅಪ್ಪನಿಗೆ ಹೇಳಿದಾಗ ಅವರು, ಹೊಲಿಗೆ ಚೆನ್ನಾಗಿದೆಯಲ್ಲ, ಬಿಡು ಎಂದರು. ಅವರು ಎಲ್ಲದಕ್ಕೂ ಹಾಗೆಯೇ ಹೇಳುವವರು.

ಮದುವೆ ವರ್ಧಾದಲ್ಲಿ ಆಯಿತು. ಹೊಸ ಸೊಸೆ ವಾಡೆಗೆ ಬಂದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಗಟ್ಟಿ ದನಿ, ಚುರುಕು ನಡಿಗೆ. ಹಡಗು ಹತ್ತುವ ಮುಂಚೆ ಕೆಲವು ವಾರ ಅವಳು ಅಲ್ಲಿದ್ದಳು. ಗಲಾಟೆಯ ಸುದ್ದಿ ಓದಿದ್ದ ಅವಳ ತಂದೆ ಮಗಳನ್ನು ಈ ವರ್ಷ ಕಳಿಸುವುದು ಬೇಡ, ಇನ್ನೊಂದು ವರ್ಷ ಇಲ್ಲೇ ಇರಲಿ ಎನ್ನುತ್ತಿದ್ದರಂತೆ. ಕೇಳಿದವರಿಗೆಲ್ಲ ಅವಳು, “ಮದುವಿ ಮಾಡಿ ಕೊಟ್ಟಮ್ಯಾಲೆ ಇನ್ನೇನು ವಿಚಾರ?” ಎಂದು ನಗುತ್ತಿದ್ದಳು. ಆದರೆ ಒಂದು ಸಂಜೆ ಅಂಗಳದಲ್ಲಿ ಒಬ್ಬಳೇ ಕೂತು ಅತ್ತದ್ದನ್ನು ನಾನು ಕಂಡಿದ್ದೇನೆ.

ಆ ಬಟ್ಟೆ ಅವಳ ಕಣ್ಣಿಗೆ ಬಿದ್ದದ್ದು ಹೊರಡುವ ಸಿದ್ಧತೆಯಲ್ಲಿ. ಟ್ರಂಕಿನಲ್ಲಿ ಬಟ್ಟೆ ಇಡುತ್ತಿದ್ದವಳು ಅದನ್ನು ಹಿಡಿದುಕೊಂಡು ಹೊರಗೆ ಬಂದು ನನ್ನನ್ನು ಕೇಳಿದಳು.

“ಇದು ನೀ ಮಾಡಿದ್ದ? ನೀ ನೋಡೀದಿ ಆ ಕೆರಿ?”

“ಇಲ್ಲ. ಚೀಟಿ ನೋಡಿ ಮಾಡಿದ್ದು.”

“ಇವರೂ ನೋಡಿಲ್ಲಂತ,” ಎಂದು ಗಂಡನ ಕಡೆ ತಿರುಗಿದಳು. “ಎಷ್ಟು ದೂರ ಅಂದ್ರಿ?”

“ಒಂದು ಹಗಲು ಒಂದು ರಾತ್ರಿ.”

“ಮುಂಬೈಗಿಂತ ಸ್ವಲ್ಪ ಹೆಚ್ಚಾತು, ಅಷ್ಟ. ರೈಲ್ವೆ ನೌಕರಿ, ಪಾಸ್ ಇರ್ತದ. ಏಳೆಂಟು ವರ್ಷದಾಗ ಒಮ್ಮೆರ ಹೋಗಲಿಲ್ಲಂದ್ರ?”

“ಏನದ ಅಲ್ಲೆ? ನೀರು.”

“ನೀರು ಇಲ್ಲದ ಊರಾಗ ಕೂತು ನೀರೇನಂತ ಕೇಳ್ತೀರಲ್ಲ!”

ಒಳಗಿನಿಂದ ಆಜಿಯ ಧ್ವನಿ ಬಂತು. “ಬರೋಬರ್ ಹೇಳಿದಿ. ಕರಕೊಂಡು ಹೋಗು ಅನ್ನು ಅವಗ. ಹೋಗಿ ಬಂದು ನನಗ ಬರೀ.” ಗೋಳಗುಮ್ಮಟದ ಮಾತಾದ ಮೇಲೆ ಆಜಿ ಆ ಕೆರೆಯ ಸುದ್ದಿ ಎತ್ತಿದ್ದು ಅದೇ ಮೊದಲು.

ಅವರು ಮುಂಬೈ ರೈಲು ಹತ್ತಿದರು. ವಾಡೆ ಮತ್ತೆ ಮೊದಲಿನಂತಾಯಿತು. ಆಫ್ರಿಕಾದ ಪತ್ರಗಳು ಈಗ ಉದ್ದವಾಗಿದ್ದವು, ಅಕ್ಷರ ಬೇರೆಯಾಗಿತ್ತು. ಚೀಟಿಯ ಮೇಲೆ ರಾಜ ಹೋಗಿ ಎಳೆಯ ರಾಣಿ ಬಂದಿದ್ದಳು. ಸೊಸೆ ಎಲ್ಲವನ್ನೂ ಬರೆಯುತ್ತಿದ್ದಳು: ಸ್ನಾನಕ್ಕೆ ಎಷ್ಟು ನೀರು ಸಿಗುತ್ತದೆ, ಮನೆಯ ತಗಡಿನ ಮಾಡು ಮಧ್ಯಾಹ್ನ ಹೇಗೆ ಸದ್ದು ಮಾಡುತ್ತದೆ, ಗಾರ್ಡಿನ ಹೆಂಡತಿಯಿಂದ ಕಲಿತ ಪಲ್ಯ ಯಾವುದು. ಅಲ್ಲಿಯ ತನಕ ಮಗನ ಮನೆಗೆ ಎಷ್ಟು ಕೋಣೆ ಎಂಬುದೂ ಆಜಿಗೆ ಗೊತ್ತಿರಲಿಲ್ಲ. ವಹಿನಿ ಓದಿ ಓದಿ ಗಂಟಲು ಒಣಗಿ ನಡುವೆ ನೀರು ಕುಡಿಯುತ್ತಿದ್ದರು.

ಒಂದು ದೀಪಾವಳಿ ಕಳೆದ ಮೇಲೆ ಆ ಪತ್ರ ಬಂತು. ಅವರು ಕೆರೆ ನೋಡಿ ಬಂದಿದ್ದರು. ಆಚೆಯ ದಂಡೆ ಕಾಣುವುದೇ ಇಲ್ಲ ಎಂದು ಬರೆದಿದ್ದಳು. ಸಮುದ್ರವೆಂದೇ ಅನ್ನಿಸಿತಂತೆ, ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರೆ ಉಪ್ಪಿರಲಿಲ್ಲ, ಸಿಹಿನೀರು. ದಂಡೆಯಲ್ಲಿ ಆಳೆತ್ತರದ ಜೊಂಡು. ದೋಣಿಗಳ ಮೂತಿಗೆ ಬಣ್ಣ ಬಳಿದಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅವಳು ಬರೆದದ್ದು ನೊಣದ ಸುದ್ದಿ. ಅವಳ ಮಾತಿನಲ್ಲೇ ಹೇಳಿದರೆ: ನೀರಿನ ಮೇಲೆ ದೂರದಲ್ಲಿ ಹೊಗೆ ಎದ್ದಂತೆ ಕಂಡಿತು, ಹಡಗಿಗೆ ಬೆಂಕಿ ಬಿದ್ದಿದೆಯೇನೋ ಎಂದು ಹೆದರಿದೆ. ಅದು ಹೊಗೆಯಲ್ಲ, ಸಣ್ಣ ಸಣ್ಣ ನೊಣಗಳು ಕಂಬದಂತೆ ಮೇಲೇಳುವುದು ಎಂದು ಆಮೇಲೆ ತಿಳಿಯಿತು. ಅವನ್ನು ಹಿಡಿದು ರೊಟ್ಟಿ ತಟ್ಟುತ್ತಾರೆಂದು ಇವರು ಹೇಳುತ್ತಾರೆ, ನಾನು ನೋಡಿಲ್ಲ, ನೋಡುವುದೂ ಬೇಡ. ಇವರು ನೀರಿಗೆ ಕಾಲಿಳಿಸಿ ಕೂತವರು ಏಳಲೇ ಇಲ್ಲ, ಗಾಡಿ ತಪ್ಪುತ್ತದೆಂದು ನಾನೇ ಎಬ್ಬಿಸಿದೆ.

ಆಜಿ ಅದನ್ನು ಎಷ್ಟು ಸಲ ಓದಿಸಿದರೋ. ಆಮೇಲೆ ನನ್ನನ್ನು ಕರೆಸಿ, “ಆ ಆಕಾಶ ಖಾಲಿ ಅದ ಅಲ್ಲ, ಅಲ್ಲಿ ನೊಣ ಹಾಕು,” ಎಂದರು.

ಅವ್ವನಿಗೆ ಅದು ಅತಿಯಾಯಿತು. “ಕಸೂತಿಯೊಳಗ ನೊಣಾ! ನಮ್ಮವ್ವ ಇದ್ದಿದ್ರ ಎದ್ದು ಹೊಡೀತಿದ್ಲು,” ಎಂದಳು. ಆದರೆ ಅಷ್ಟು ಸಣ್ಣ ಚುಕ್ಕೆ ಹೇಗೆ ಹಾಕುವುದೆಂದು ತೋರಿಸಿಕೊಟ್ಟವಳೂ ಅವಳೇ. ಒಂದೊಂದು ಎಳೆಯ ಮೇಲೆ ಒಂದೊಂದು ಸಣ್ಣ ಹೊಲಿಗೆ, ಕೆಳಗೆ ಒತ್ತಾಗಿ, ಮೇಲೆ ಹೋದಂತೆ ಬಿಡಿಬಿಡಿಯಾಗಿ. ಹಿಂದಿನ ಗುಡ್ಡದ ಗೆರೆಯನ್ನು ಬಿಚ್ಚಿದೆ, ಆಚೆಯ ದಂಡೆ ಕಾಣದಲ್ಲವೇ. ಮನೆಯನ್ನೂ ಬಿಚ್ಚಲೇ ಎಂದು ಕೇಳಿದೆ. ಆಜಿ ಅದರ ಮೇಲೆ ಬೆರಳಿಟ್ಟು, “ಇರಲಿ. ಯಾರರ ಇರ್ತಾರ,” ಎಂದರು.

ರಾಜ್ಯಗಳ ಪುನರ್ವಿಂಗಡಣೆಯಾದಾಗ ನಾಗಪುರ ರಾಜಧಾನಿ ಎನ್ನಿಸಿಕೊಳ್ಳುವುದು ತಪ್ಪಿತು, ಕಚೇರಿಗಳು ಅತ್ತಿತ್ತ ಹೋದವು. ಅಪ್ಪನಿಗೆ ಬೆಂಗಳೂರಿಗೆ ವರ್ಗವಾಯಿತು. ಅಲ್ಲಿಗೆ ಹೋದ ವರ್ಷವೇ ನನ್ನ ಮದುವೆಯೂ ಆಯಿತು. ವಹಿನಿ ವರ್ಷಕ್ಕೆ ಒಂದೋ ಎರಡೋ ಪತ್ರ ಬರೆಯುತ್ತಿದ್ದರು. ನಾನು ಅವಸರದಲ್ಲಿ ಉತ್ತರ ಬರೆಯುತ್ತಿದ್ದೆ.

ಅವರ ಒಂದು ಪತ್ರದಲ್ಲಿ ಆಜಿಯ ಕಣ್ಣಿನ ಆಪರೇಶನ್ ಆದ ಸುದ್ದಿಯಿತ್ತು. ಆಫ್ರಿಕಾದ ಸೊಸೆ ಮಗುವನ್ನು ಕರೆದುಕೊಂಡು ಬಂದಿದ್ದಳಂತೆ. ಮೊಮ್ಮಗಳನ್ನು ನೋಡುವುದು ಬೇಡವೇ ಎಂದು ಜಗಳವಾಡಿ ಅವಳೇ ಆಸ್ಪತ್ರೆಗೆ ಸೇರಿಸಿದಳಂತೆ. ಒಂದು ಕಣ್ಣು ಬಂತು. ಪಟ್ಟಿ ಬಿಚ್ಚಿ ದಪ್ಪ ಗಾಜಿನ ಕನ್ನಡಕ ಹಾಕಿದಾಗ ಎದುರಿಗಿದ್ದದ್ದು ವಹಿನಿ. ಮಗುವನ್ನು ಎತ್ತಿಕೊಂಡು ಸೊಸೆ ಬಾಗಿಲಲ್ಲೇ ನಿಂತಿದ್ದಳು. ಆಜಿ ಬಾಗಿಲ ಕಡೆ ನೋಡಲಿಲ್ಲ. ವಹಿನಿಯ ಮುಖವನ್ನು ಬಹಳ ಹೊತ್ತು ನೋಡಿ, “ನಿನ್ನ ಕೂದಲಾ ಯಾವಾಗ ಬೆಳ್ಳಗಾದ್ವು? ನನಗ ಹೇಳಲೇ ಇಲ್ಲಲ್ಲ,” ಎಂದರಂತೆ.

ನಾನು ಏನು ಹೇಳಬೇಕು, ನೀನೇ ಹೇಳು ಎಂದು ವಹಿನಿ ಬರೆದಿದ್ದರು. ಅದರ ಕೆಳಗೆ ಎಂದಿನಂತೆ ಎಲ್ಲರಿಗೂ ನಮಸ್ಕಾರ, ಕಿತ್ತಳೆಯ ಬೆಳೆ ಈ ಸಲ ಚೆನ್ನಾಗಿದೆ ಎಂದಿತ್ತು.